ಕಾರು ಬೇರೆಯವರದು, ಸ್ಟಿಯರಿಂಗ್ ನಿಮ್ಮದು

ಪ್ರಶ್ನೆ: ಅಕ್ಕ, ನಾನು ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ವಯಸ್ಸು 36. ಡಿಸೆಂಬರ್ ರಜೆಯಲ್ಲಿ ನಾನು, ಯಜಮಾನರು, ಅತ್ತೆ, 10 ವರ್ಷದ ಮಗಳು, 5 ವರ್ಷದ ಮಗ ಐದು ದಿನದ ಮಟ್ಟಿಗೆ ಮಂಗಳೂರಿಗೆ ಹೊರಟಿದ್ದೇವೆ. ಹೋಗಿ ಬರುವುದು ರೈಲಿನಲ್ಲಿ. ಅಲ್ಲಿ ಸುತ್ತಾಡಲು ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತೆಗೆದುಕೊಂಡು ನಾನೇ ಓಡಿಸಬೇಕೆಂಬ ಆಸೆ ನನಗೆ. ಡಿಎಲ್ ಸಿಕ್ಕಿ ನಾಲ್ಕು ವರ್ಷವಾಯಿತು. ಅಣ್ಣನ ಸಣ್ಣ ಕಾರನ್ನು ಊರೊಳಗೆ ಆಗಾಗ ಓಡಿಸುತ್ತೇನೆ. ಹೈವೇಯಲ್ಲಿ ಓಡಿಸಿದ್ದು ಕಡಿಮೆ.

ಯಜಮಾನರಿಗೆ ಕಾರು ಬರುವುದಿಲ್ಲ. 'ಕಂಡೋರ ಗಾಡಿ, ಒಂದು ಗೀರು ಬಿದ್ದರೂ ಡೆಪಾಸಿಟ್ ನುಂಗ್ತಾರೆ, ಪರಊರಲ್ಲಿ ಜಗಳ ಆಡೋಕಾಗುತ್ತಾ' ಅನ್ನುತ್ತಾರೆ. ಅತ್ತೆಗೆ ಮಂಡಿನೋವು, ಬಸ್ಸು ಹತ್ತಿ ಇಳಿಯುವುದು ಕಷ್ಟ. ಆದರೂ 'ಗೊತ್ತಿಲ್ಲದ ಊರಲ್ಲಿ ನೀನ್ಯಾಕೆ ಓಡಿಸಬೇಕು, ಡ್ರೈವರ್ ಇರೋ ಗಾಡಿ ಮಾಡ್ರಿ, ನನಗೆ ಧರ್ಮಸ್ಥಳ ಒಂದು ಆದರೆ ಸಾಕು' ಎಂಬುದು ಅವರ ಮಾತು. ಈ ನಡುವೆ ನಾದಿನಿಯ ಗಂಡನಿಗೆ ಗೊತ್ತಿರುವವರೊಬ್ಬರು ಮಂಗಳೂರಿನಲ್ಲಿದ್ದು, ತಮ್ಮ ಸ್ವಂತ ಕಾರನ್ನೇ ಕಡಿಮೆ ಬಾಡಿಗೆಗೆ ಕೊಡುತ್ತಾರಂತೆ. ಮನೆಯಲ್ಲಿ ದಿನವೂ ಇದೇ ಚರ್ಚೆ. ರಜೆ ಬರುವ ಮೊದಲೇ ನನ್ನ ಉತ್ಸಾಹ ಅರ್ಧ ಇಳಿದಿದೆ. ಈ ಆಸೆಯನ್ನು ಬಿಟ್ಟುಬಿಡಲೇ?

– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ಆಸೆ ಬಿಡಬೇಡಿ. ಆದರೆ ಐದೂ ದಿನ ಕಾರು ಇಟ್ಟುಕೊಳ್ಳುವ ಯೋಚನೆ ಬಿಡಿ. ಎರಡು ದಿನ ನೀವು ಓಡಿಸಿ, ಒಂದು ದಿನ ಡ್ರೈವರ್ ಇರುವ ಗಾಡಿ ಮಾಡಿ, ಉಳಿದ ಎರಡು ದಿನಕ್ಕೆ ಆಟೊ ಸಾಕು. ಪರಿಚಯದವರ ಕಾರು ಮಾತ್ರ ಬೇಡ. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಒಂದೊಂದಾಗಿ ವಿವರಿಸುತ್ತೇನೆ.

ನಿಮ್ಮ ಪತ್ರದಲ್ಲಿ ಮೂವರ ಮಾತುಗಳಿವೆ. ನಿಮಗೆ ನಿಮ್ಮ ಕೈಯಾರೆ ಮನೆಯವರನ್ನು ಸುತ್ತಾಡಿಸುವ ಆಸೆ. ಯಜಮಾನರಿಗೆ ದುಡ್ಡು ಮತ್ತು ಮಾನದ ಚಿಂತೆ. ಅತ್ತೆಗೆ ನಿಮ್ಮ ಕ್ಷೇಮದ ಚಿಂತೆ. ಮೂರರಲ್ಲಿ ಯಾವುದೂ ತಪ್ಪಲ್ಲ. ಯಜಮಾನರು 'ನಿನಗೆ ಓಡಿಸಲು ಬರುವುದಿಲ್ಲ' ಎಂದಿಲ್ಲ ಎನ್ನುವುದನ್ನು ಗಮನಿಸಿದ್ದೀರಾ? ಅವರ ಹೆದರಿಕೆಯೆಲ್ಲ ಬಾಡಿಗೆ ಕರಾರಿನದು. ಅದಕ್ಕೆ ಮದ್ದು ಕಾಗದ ಪತ್ರದಲ್ಲಿದೆ. ಅತ್ತೆಯ ಹೆದರಿಕೆ ರಸ್ತೆಯದು. ಅದಕ್ಕೆ ಮದ್ದು ಅಭ್ಯಾಸದಲ್ಲಿದೆ. ಇವೆರಡನ್ನೂ ಒಂದೇ ಜಗಳವಾಗಿ ಕಲಸಿದ್ದರಿಂದಲೇ ಮಾತು ಮುಂದೆ ಹೋಗುತ್ತಿಲ್ಲ.

ಮೊದಲು ಬೋರ್ಡ್ ನೋಡಿ

ಪರಿಚಯದವರ ಕಾರಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಲ್ಲಿರುವ ಅಪಾಯ ಹೊರಗೆ ಕಾಣುವುದಿಲ್ಲ. ನಮ್ಮಲ್ಲಿ ನಂಬರ್ ಪ್ಲೇಟಿನ ಬಣ್ಣವೇ ಗಾಡಿಯ ಕೆಲಸವನ್ನು ಹೇಳುತ್ತದೆ. ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಸ್ವಂತ ಬಳಕೆಯ ಕಾರು. ಹಳದಿಯ ಮೇಲೆ ಕಪ್ಪು ಅಕ್ಷರವಿದ್ದರೆ ಡ್ರೈವರ್ ಸಮೇತ ಬಾಡಿಗೆಗೆ ಹೋಗುವ ಟ್ಯಾಕ್ಸಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿದ್ದರೆ ಗಿರಾಕಿಯೇ ಓಡಿಸಲು ಕೊಡುವ ಬಾಡಿಗೆ ಕಾರು. ವಿದ್ಯುತ್ ಕಾರಾದರೆ ಹಸಿರು ಪ್ಲೇಟು. ಅದರಲ್ಲಿ ಬಾಡಿಗೆಯದಕ್ಕೆ ಹಳದಿ ಅಕ್ಷರ, ಸ್ವಂತದ್ದಕ್ಕೆ ಬಿಳಿ ಅಕ್ಷರ. ಓಡಿಸಲು ಕಾರು ಬಾಡಿಗೆಗೆ ಕೊಡುವ ವ್ಯವಹಾರಕ್ಕೆ 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಪರವಾನಗಿ ಬೇಕು.

ವೈಟ್ ಬೋರ್ಡ್ ಕಾರಿನ ಇನ್ಶೂರೆನ್ಸ್ ಮಾಡುವುದು ಸ್ವಂತ ಬಳಕೆಗೆಂದು. ಅದನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ, ವಿಮಾ ಕಂಪನಿಗೆ ಕ್ಲೇಮ್ ನಿರಾಕರಿಸಲು ಅದೊಂದೇ ಕಾರಣ ಸಾಕಾಗಬಹುದು. ಬಂಪರ್ ಹೋದರೆ ಹೇಗೋ ದುಡ್ಡು ಹೊಂದಿಸಿ ಕೊಡಬಹುದು. ರಸ್ತೆಯಲ್ಲಿ ಇನ್ನೊಬ್ಬರಿಗೆ ಪೆಟ್ಟಾದರೆ ಆ ಪರಿಹಾರದ ಹೊರೆ ಕಾರಿನ ಮಾಲೀಕರ ಮತ್ತು ನಿಮ್ಮ ತಲೆಯ ಮೇಲೆ ಬರುವ ಸಂಭವವಿದೆ. ಅದು ಒಂದು ಸಂಸಾರ ಹೊರುವ ಮಾತಲ್ಲ. ಅವರು ನಯಾಪೈಸೆ ತೆಗೆದುಕೊಳ್ಳದೆ ನೆಂಟಸ್ತಿಕೆಯಿಂದ ಕೊಟ್ಟರೆ ಅದು ಬಾಡಿಗೆಯಲ್ಲ. ಆದರೆ ಹಾಗೆ ಪಡೆದ ಕಾರಿಗೆ ಗೀರು ಬಿದ್ದರೆ ಕೆಡುವುದು ನೆಂಟಸ್ತಿಕೆ, ಅದೂ ನಾದಿನಿಯ ಮನೆಯ ಕಡೆಯದು. ಆದ್ದರಿಂದ 'ನಿಮಗೆ ತೊಂದರೆ ಕೊಡುವುದು ಬೇಡ ಅಂದ್ಕೊಂಡ್ವಿ' ಎಂದು ನಯವಾಗಿ ಹೇಳಿಬಿಡಿ. ಕಪ್ಪು ಬೋರ್ಡಿನ ಕಾರನ್ನೇ ಹುಡುಕಿ.

ಕರಾರಿನ ಕೆಲಸ ಯಜಮಾನರಿಗೆ ಬಿಡಿ

ನಿಮ್ಮವರ ಭಯಕ್ಕೆ ಆಧಾರವಿದೆ. ಬಾಡಿಗೆ ಕಾರಿನ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಕಾರು ಮರಳಿಸುವಾಗ, ಬೀಜ ಬೀಳುವುದು ಕಾರು ಪಡೆಯುವಾಗ. ಹಾಗಾಗಿ ಕರಾರು ಓದುವ, ಕೇಳುವ, ದಾಖಲೆ ಇಡುವ ಕೆಲಸವನ್ನು ಪೂರ್ತಿ ಅವರಿಗೇ ಒಪ್ಪಿಸಿ. 'ಓಡಿಸೋದು ನಾನು, ಲೆಕ್ಕ ನೀವು ನೋಡ್ಕೊಳ್ಳಿ' ಅನ್ನಿ. ದೂರ ನಿಂತು ಹೆದರುವವರಿಗೆ ಕೈಯಲ್ಲೊಂದು ಹೊಣೆ ಸಿಕ್ಕರೆ ಹೆದರಿಕೆ ಎಚ್ಚರವಾಗಿ ಬದಲಾಗುತ್ತದೆ. ದುಡ್ಡು ಕಟ್ಟುವ ಮೊದಲು ಅವರು ಕೇಳಿ, ಬರವಣಿಗೆಯಲ್ಲಿ ಪಡೆಯಬೇಕಾದ ಸಂಗತಿಗಳು ಇವು:

1. ಡೆಪಾಸಿಟ್ ಎಷ್ಟು, ಕಾರು ಮರಳಿಸಿದ ಎಷ್ಟು ದಿನಕ್ಕೆ ವಾಪಸ್ಸು ಬರುತ್ತದೆ?

2. ದಿನಕ್ಕೆ ಎಷ್ಟು ಕಿಲೋಮೀಟರ್ ಬಾಡಿಗೆಯಲ್ಲಿ ಸೇರಿದೆ, ಮೀರಿದರೆ ಕಿಲೋಮೀಟರಿಗೆ ಎಷ್ಟು? ತಡವಾಗಿ ಕೊಟ್ಟರೆ ಗಂಟೆಗೆ ಎಷ್ಟು?

3. ಇಂಧನದ ಲೆಕ್ಕ ಹೇಗೆ? ಎಷ್ಟು ಇದ್ದಾಗ ಪಡೆದೆವೋ ಅಷ್ಟೇ ತುಂಬಿಸಿ ಕೊಡುವ ಕರಾರು ಎಲ್ಲಕ್ಕಿಂತ ಸರಳ. ಕಾರು ಪೆಟ್ರೋಲಿನದೋ ಡೀಸೆಲಿನದೋ ಎಂಬುದನ್ನು ಕೇಳಿ ನೆನಪಿಟ್ಟುಕೊಳ್ಳಲಿ.

4. ಕಾರಿಗೆ ಪೆಟ್ಟಾದರೆ ನಾವು ಗರಿಷ್ಠ ಎಷ್ಟು ಕೊಡಬೇಕಾಗುತ್ತದೆ? ಇದೇ ಅತಿ ಮುಖ್ಯವಾದ ಪ್ರಶ್ನೆ. ಟಯರ್, ಕ್ಲಚ್ ಪ್ಲೇಟ್, ಕಳೆದುಹೋದ ಕೀಲಿ, ಕಾರಿನ ಅಡಿಭಾಗ ಇವು ಸಾಮಾನ್ಯವಾಗಿ ಗಿರಾಕಿಯ ಖರ್ಚಿಗೇ ಬೀಳುತ್ತವೆ.

5. ರಾಜ್ಯದ ಗಡಿ ದಾಟಬಹುದೇ? ಮಂಗಳೂರಿನಿಂದ ತಲಪಾಡಿ ದಾಟಿದರೆ ಕೇರಳ. ಮಕ್ಕಳು ಬೇಕಲ ಕೋಟೆ ನೋಡಬೇಕೆಂದರೆ ಪರ್ಮಿಟ್ಟಿನ ವಿಷಯ ಮೊದಲೇ ಇತ್ಯರ್ಥವಾಗಿರಬೇಕು.

6. ಫಾಸ್ಟ್ಯಾಗ್‌ನಲ್ಲಿ ಹಣ ಹಾಕುವವರು ಯಾರು? ಉಡುಪಿ ದಾರಿಯಲ್ಲಿ ಹೆಜಮಾಡಿಯ ಟೋಲ್ ಸಿಗುತ್ತದೆ.

7. ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಕರಾರಿನಲ್ಲಿ ಚಾಲಕರ ಹೆಸರು ನಿಮ್ಮದೇ ಇರಬೇಕು, ಸ್ಟಿಯರಿಂಗ್ ಹಿಡಿಯುವವರೂ ನೀವೊಬ್ಬರೇ ಆಗಿರಬೇಕು. ದಾರಿಯಲ್ಲಿ ಸಿಕ್ಕ ನೆಂಟರು 'ಸ್ವಲ್ಪ ನಾನು ಓಡಿಸ್ತೀನಿ' ಅಂದರೂ ಕೊಡಬೇಡಿ. ಮೂಲ ಡಿಎಲ್ ಅಥವಾ ಆಧಾರ್ ಕಾರ್ಡನ್ನು ಅಡವಿನಂತೆ ಇಟ್ಟುಕೊಳ್ಳುತ್ತೇವೆ ಎನ್ನುವವರ ಬಳಿ ವ್ಯವಹಾರವೇ ಬೇಡ. ತೋರಿಸಿ, ನಕಲು ಕೊಡಿ. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ನಂಬರಿಗೆ, ಆಫೀಸಿನ ವಿಳಾಸವೂ ಗೊತ್ತಿಲ್ಲದೆ ಪೂರ್ತಿ ಹಣ ಹಾಕಬೇಡಿ.

ಕಾರು ಪಡೆಯುವುದು ಹಗಲಿನಲ್ಲಾಗಲಿ, ಮರಳಿಸುವುದೂ ಹಗಲಿನಲ್ಲೇ ಆಗಲಿ. ಪಡೆಯುವಾಗ ಯಜಮಾನರು ಮೊಬೈಲಿನಲ್ಲಿ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ವಿಡಿಯೊ ಮಾಡಲಿ. ನಾಲ್ಕೂ ಬಾಗಿಲು, ಬಂಪರಿನ ಮೂಲೆಗಳು, ಕನ್ನಡಿ, ಗಾಜು, ಟಯರ್, ಚಕ್ರದ ಕವರ್, ಡಿಕ್ಕಿಯೊಳಗಿನ ಸ್ಟೆಪ್ನಿ ಮತ್ತು ಜಾಕ್, ಮೀಟರಿನಲ್ಲಿ ಕಿಲೋಮೀಟರ್, ಇಂಧನದ ಮುಳ್ಳು ಎಲ್ಲವೂ ಬರಲಿ. ಹಳೆಯ ಗೀರುಗಳನ್ನು ಅವರ ಕಾಗದದಲ್ಲೇ ಬರೆಸಿ, ವಿಡಿಯೊವನ್ನು ಅಲ್ಲೇ ನಿಂತು ಅವರ ವಾಟ್ಸ್ಆ್ಯಪ್‌ಗೆ ಕಳಿಸಲಿ. ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ, ಎಮಿಷನ್ ನಾಲ್ಕರ ತಾರೀಕನ್ನೂ ಓದಲಿ. ಮರಳಿಸುವಾಗ ಇದೇ ಕೆಲಸ ಇನ್ನೊಮ್ಮೆ. ಇಷ್ಟು ಮಾಡಿದವರ ಡೆಪಾಸಿಟ್ಟನ್ನು ಸುಳ್ಳು ಹೇಳಿ ಹಿಡಿದಿಟ್ಟುಕೊಳ್ಳುವುದು ಯಾರಿಗೂ ಸುಲಭವಲ್ಲ.

ಆ ರಸ್ತೆಗಳು ನಮ್ಮ ಕಡೆಯಂತಲ್ಲ

ಈಗ ಅತ್ತೆಯವರ ಮಾತಿಗೆ ಬರೋಣ. ದಾವಣಗೆರೆ ಸಮತಟ್ಟಾದ ಊರು. ಮಂಗಳೂರು ಗುಡ್ಡಗಳ ಮೇಲೆ ಕೂತ ಊರು. ಏರಿನಲ್ಲೇ ಸಿಗ್ನಲ್, ಏರಿನಲ್ಲೇ ತಿರುವು, ಇಳಿಜಾರಿನಲ್ಲೇ ಅಪಾರ್ಟ್‌ಮೆಂಟಿನ ಗೇಟು. ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರಗೊಡದೆ ಎತ್ತುವುದು ಬಂದರೆ ಅಲ್ಲಿ ಅರ್ಧ ಗೆದ್ದಂತೆ. ಹ್ಯಾಂಡ್‌ಬ್ರೇಕ್ ಹಿಡಿದು, ಕ್ಲಚ್ ಅರ್ಧ ಬಿಟ್ಟು, ಕಾರು ಮುಂದಕ್ಕೆ ಎಳೆಯುವುದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸುವ ಆ ಅಭ್ಯಾಸವನ್ನು ಊರಲ್ಲೇ ಕೈಗೆ ಹತ್ತಿಸಿಕೊಳ್ಳಿ. ನಿಮಗೆ ರೂಢಿಯಿರುವುದು ಗೇರಿನ ಕಾರಾದರೆ ಅದನ್ನೇ ಪಡೆಯಿರಿ, ಆಟೊಮ್ಯಾಟಿಕ್ ಆದರೆ ಅದನ್ನೇ. ರಜೆಯ ನಡುವೆ ಹೊಸದನ್ನು ಕಲಿಯುವುದು ಬೇಡ. ಗಾತ್ರದಲ್ಲೂ ಅಣ್ಣನ ಕಾರಿನಂಥ ಸಣ್ಣ ಕಾರೇ ಇರಲಿ. ನೀವಿರುವುದು ಐದೇ ಜನ, ಸಾಮಾನು ಹೋಟೆಲಿನಲ್ಲಿ ಇರುತ್ತದೆ.

ಊರೊಳಗಿನ ಹಲವು ರಸ್ತೆಗಳಿಗೆ ಕಾಂಕ್ರೀಟ್ ಹಾಕಿದ್ದಾರೆ. ಚೆನ್ನಾಗಿವೆ, ಆದರೆ ಕೆಲವು ಕಡೆ ಕಾಂಕ್ರೀಟಿನ ಅಂಚಿಗೂ ಪಕ್ಕದ ಮಣ್ಣಿಗೂ ಗೇಣುದ್ದದ ಇಳುಕಲು ಇರುತ್ತದೆ. ಎದುರಿನ ಬಸ್ಸಿಗೆ ದಾರಿ ಕೊಡುವ ಭರದಲ್ಲಿ ಚಕ್ರ ಕೆಳಗಿಳಿಸಬೇಡಿ. ವೇಗ ತಗ್ಗಿಸಿ, ಬಸ್ಸು ಹೋಗಲಿ. ಖಾಸಗಿ ಬಸ್ಸುಗಳದು ಅಲ್ಲಿ ಟೈಮಿನ ಮೇಲಿನ ಓಟ. ಹಿಂದಿನಿಂದ ಹಾರ್ನ್ ಹೊಡೆದರೆ ಅದನ್ನು ಬೈಗುಳ ಎಂದುಕೊಳ್ಳದೆ ದಾರಿ ಬಿಡಿ. ನಂತೂರು, ಕೆಪಿಟಿ, ಕೊಟ್ಟಾರ ಚೌಕಿ, ಕೂಳೂರು ಸೇತುವೆ ಇವು ಬೆಳಗ್ಗೆ ಸಂಜೆ ಗಾಡಿಗಳು ಒತ್ತುವ ಜಾಗಗಳು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಇರುವುದರಿಂದ ಕಂಟೇನರ್ ಲಾರಿಗಳೂ ಟ್ಯಾಂಕರುಗಳೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಲುಗಟ್ಟಿರುತ್ತವೆ. ಅವುಗಳ ಎಡಗಡೆಯಿಂದ ನುಗ್ಗುವ ಸಾಹಸ ಬೇಡವೇ ಬೇಡ. ದೊಡ್ಡ ಗಾಡಿಯ ಚಾಲಕನಿಗೆ ಆ ಬದಿಯಲ್ಲಿ ನಿಮ್ಮ ಸಣ್ಣ ಕಾರು ಕಾಣುವುದೇ ಇಲ್ಲ.

ಹೊರಡುವ ಮುನ್ನ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಒಂದು ಭಾನುವಾರ ಅಣ್ಣನನ್ನು ಪಕ್ಕದಲ್ಲಿ, ಯಜಮಾನರನ್ನೂ ಅತ್ತೆಯನ್ನೂ ಹಿಂದೆ ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗಕ್ಕೆ ಹೋಗಿ ಬನ್ನಿ. ಮಂಗಳೂರಿನಿಂದ ಉಡುಪಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಆ ದಾರಿಯಲ್ಲಿ ನಿಮ್ಮ ಕೈ ನಡುಗದಿದ್ದರೆ, ಹಿಂದೆ ಕೂತವರು ನಿರಾಳವಾಗಿ ಮಾತಾಡಿಕೊಂಡು ಬಂದರೆ, ಅತ್ತೆಯ ಪ್ರಶ್ನೆಗೆ ಅದೇ ಉತ್ತರ. ಹೆಣ್ಣುಮಗಳು ಓಡಿಸಬಹುದು ಎಂದು ಬಾಯಲ್ಲಿ ವಾದಿಸಿ ಗೆಲ್ಲುವುದಕ್ಕಿಂತ ಅವರನ್ನು ಕೂರಿಸಿಕೊಂಡು ಓಡಿಸಿ ತೋರಿಸುವುದು ದೊಡ್ಡದು. ಆ ದಿನ ನಿಮಗೇ ಮೈ ಬಿಗಿದು ಕಷ್ಟವಾಯಿತೋ, ಈ ಸಲ ಐದೂ ದಿನ ಡ್ರೈವರ್ ಇರುವ ಗಾಡಿಯಲ್ಲಿ ಹೋಗಿ, ಮುಂದಿನ ರಜೆಯವರೆಗೆ ಅಭ್ಯಾಸ ಮಾಡಿ. ಅದರಲ್ಲಿ ಸೋಲೇನೂ ಇಲ್ಲ.

ಐದು ದಿನ ಹೀಗಿರಲಿ

ಮೊದಲ ದಿನ ರೈಲಿನಿಂದ ಇಳಿದವರು ಕಾರಿನ ಗೊಡವೆಗೆ ಹೋಗಬೇಡಿ. ನಿದ್ದೆಗೆಟ್ಟ ಕಣ್ಣಿನಲ್ಲಿ ಹೊಸ ಊರಿನ ರಸ್ತೆಗೆ ಇಳಿಯಬಾರದು. ಕದ್ರಿ ಮಂಜುನಾಥ, ಕುದ್ರೋಳಿ ಗೋಕರ್ಣನಾಥ, ಮಂಗಳಾದೇವಿ, ಗೋಡೆ ಚಾವಣಿಗಳ ತುಂಬ ಚಿತ್ರವಿರುವ ಸಂತ ಅಲೋಶಿಯಸ್ ಚಾಪೆಲ್ ಎಲ್ಲವೂ ಊರೊಳಗೇ ಇವೆ. ಮೀಟರ್ ಹಾಕಿಸಿಕೊಂಡು ಆಟೊದಲ್ಲಿ ಹೋಗಿ. ಪಾರ್ಕಿಂಗ್ ಹುಡುಕುವ ಕಾಟವಿಲ್ಲ, ಅತ್ತೆ ದೇವಸ್ಥಾನದ ಬಾಗಿಲಲ್ಲೇ ಇಳಿಯಬಹುದು.

ಎರಡನೆಯ ದಿನ ಹಳದಿ ಬೋರ್ಡಿನ ಟ್ಯಾಕ್ಸಿಯಲ್ಲಿ ಧರ್ಮಸ್ಥಳ. ಬಿ.ಸಿ.ರೋಡ್, ಬೆಳ್ತಂಗಡಿ, ಉಜಿರೆ ಮೇಲೆ ಹೋದರೆ ಸುಮಾರು 75 ಕಿಲೋಮೀಟರ್. ರಜೆಯ ದಿನಗಳಲ್ಲಿ ದರ್ಶನದ ಸಾಲು ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಲಾಗದು, ಹಿಂದಿರುಗುವಾಗ ಕತ್ತಲಾಗಬಹುದು. ದಣಿದ ಮೇಲೆ ಕತ್ತಲಲ್ಲಿ ತಿರುವುಗಳ ರಸ್ತೆ ನಿಮಗೆ ಬೇಡ. ಅತ್ತೆಯ ಹರಕೆಯೂ ಆಯಿತು, ಅವರ ಮಾತೂ ನಡೆಯಿತು. ಗಾಡಿ ಗೊತ್ತು ಮಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಲೆಕ್ಕ, ಡ್ರೈವರ್ ಬತ್ತಾ ಎಷ್ಟು ಎಂಬುದನ್ನು ಮೊದಲೇ ಕೇಳಿ. ನೀವು ಅಂದು ಮುಂದಿನ ಸೀಟಿನಲ್ಲಿ ಕೂತು, ಅಲ್ಲಿನ ಡ್ರೈವರ್ ಸರ್ಕಲ್‌ಗಳಲ್ಲಿ ಹೇಗೆ ನುಸುಳುತ್ತಾರೆ, ಬಸ್ಸಿಗೆ ಎಲ್ಲಿ ದಾರಿ ಬಿಡುತ್ತಾರೆ ನೋಡುತ್ತ ಬನ್ನಿ. ಮರುದಿನ ಅದು ನಿಮಗೆ ಕೆಲಸಕ್ಕೆ ಬರುತ್ತದೆ.

ಮೂರನೆಯ ದಿನ ಬೆಳಗ್ಗೆ ಕಾರು ಪಡೆಯಿರಿ. ನಂದಿನಿ ನದಿಯ ನಡುವಿನ ಕಟೀಲು ದುರ್ಗಾಪರಮೇಶ್ವರಿ, ಅಲ್ಲಿಂದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಆಮೇಲೆ ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿಯ ಗೊಮ್ಮಟ. ಒಂದೊಂದಕ್ಕೂ ನಡುವೆ ಹೆಚ್ಚು ದೂರವಿಲ್ಲ, ಆದರೆ ಬಸ್ಸಿನಲ್ಲಿ ಹೋದರೆ ಪ್ರತಿ ಊರಲ್ಲೂ ಹತ್ತಿ ಇಳಿದು ಕಾಯಬೇಕು. ಅತ್ತೆಯ ಮಂಡಿಗೆ ಸ್ವಂತ ಹಿಡಿತದ ಕಾರಿನ ಬೆಲೆ ಗೊತ್ತಾಗುವುದು ಇಂಥ ದಿನವೇ. ದಾರಿಯಲ್ಲಿ ಮಗ ವಾಂತಿ ಬರುತ್ತೆ ಅಂದರೆ ನಿಲ್ಲಿಸಬಹುದು, ಹೋಟೆಲ್ ಕಂಡಲ್ಲಿ ಗೋಳಿಬಜೆ ತಿನ್ನಬಹುದು.

ನಾಲ್ಕನೆಯ ದಿನ ಹೆದ್ದಾರಿ 66ರಲ್ಲಿ ಉಡುಪಿ. ಕೃಷ್ಣ ಮಠದ ರಥಬೀದಿಯವರೆಗೆ ಕಾರು ಒಯ್ಯುವ ಯೋಚನೆ ಬೇಡ, ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿ. ಮಧ್ಯಾಹ್ನ ಮಲ್ಪೆ ಕಡಲ ತೀರ, ಹಿಂದಿರುಗುವಾಗ ಬಂಡೆಯ ಮೇಲೆ 1901ರಿಂದ ನಿಂತಿರುವ ಕಾಪು ದೀಪಸ್ತಂಭ. ಡಿಸೆಂಬರಿನಲ್ಲಿ ಸಂಜೆ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಮೊದಲೇ ಹೊರಟರೆ ಬೆಳಕಿರುವಾಗಲೇ ಮಂಗಳೂರು ತಲುಪಬಹುದು. ಸೂರ್ಯಾಸ್ತ ನೋಡಲೇಬೇಕೆಂದು ಮಕ್ಕಳು ಹಟ ಹಿಡಿದರೆ ಅದನ್ನು ಐದನೆಯ ದಿನಕ್ಕೆ ಇಟ್ಟುಕೊಳ್ಳಿ.

ಐದನೆಯ ದಿನ ಬೆಳಗ್ಗೆ ಕಾರು ಮರಳಿಸಿ, ರಸೀದಿ ಪಡೆದು ಕೈ ತೊಳೆದುಕೊಳ್ಳಿ. ಆಮೇಲೆ ಸುಲ್ತಾನ್ ಬತ್ತೇರಿಗೆ ಆಟೊದಲ್ಲಿ ಹೋಗಿ, ದೋಣಿ ನಡೆಯುತ್ತಿದ್ದರೆ ಹೊಳೆ ದಾಟಿ ತಣ್ಣೀರುಬಾವಿ ಕಡಲ ತೀರ ಸೇರಿ. ಕಾರಿನಲ್ಲಾದರೆ ಕೂಳೂರಿನ ಕಡೆಯಿಂದ ದೊಡ್ಡ ಸುತ್ತು. ಈ ದಾರಿಗೆ ಕಾರಿಲ್ಲದಿರುವುದೇ ಲಾಭ. ರೈಲಿನ ಹೊತ್ತು ನೋಡಿಕೊಂಡು ಸೂರ್ಯಾಸ್ತವನ್ನೂ ಅಲ್ಲೇ ನೋಡಬಹುದು.

ಮೀರಬಾರದ ಕೆಲವು ಗೆರೆಗಳು

ಕಾರನ್ನು ಮರಳಿಗೆ ಇಳಿಸಬೇಡಿ. ಬೇರೆ ಗಾಡಿಗಳ ಚಕ್ರದ ಗುರುತು ಕಂಡರೂ ಇಳಿಸಬೇಡಿ. ಮೇಲೆ ಗಟ್ಟಿಯಾಗಿ ಕಾಣುವ ಮರಳು ಕೆಳಗೆ ಸಡಿಲವಾಗಿರುತ್ತದೆ. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಹೋಗುತ್ತದೆ. ಅಷ್ಟರಲ್ಲಿ ಭರತ ಬಂದರೆ ಉಪ್ಪುನೀರು ಇಂಜಿನ್ನಿಗೆ ನುಗ್ಗುತ್ತದೆ. ಹೀಗೆ ನೀರು ಹೊಕ್ಕ ಇಂಜಿನ್ನಿಗೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದಿಲ್ಲ. ಯಜಮಾನರು ಹೆದರುವ ಒಂದು ಗೀರಿನ ಖರ್ಚು ಇದರ ಮುಂದೆ ಏನೂ ಅಲ್ಲ.

ಹಿಂದಿನ ಸೀಟಿನಲ್ಲೂ ಎಲ್ಲರಿಗೂ ಬೆಲ್ಟ್ ಇರಲಿ. ಮಗನನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಗಟ್ಟಿ ಬ್ರೇಕ್ ಹಾಕಿದಾಗ ಯಾವ ತಾಯಿಯ ತೋಳೂ ಮಗುವನ್ನು ಹಿಡಿದಿಡಲಾರದು. ಐದು ವರ್ಷದವನಿಗೆ ಮಕ್ಕಳ ಸೀಟು ಕೊಡುತ್ತೀರಾ ಎಂದು ಕಾರು ಬುಕ್ ಮಾಡುವಾಗಲೇ ಕೇಳಿ. ಮ್ಯಾಪ್ ನೋಡುವ ಕೆಲಸ ಮಗಳಿಗೆ ಕೊಡಿ. 10 ವರ್ಷದವಳಿಗೆ ಅದೊಂದು ಹೆಮ್ಮೆ, ನಿಮ್ಮ ಕಣ್ಣು ರಸ್ತೆಯ ಮೇಲೇ ಇರುತ್ತದೆ.

ಇಷ್ಟಾಗಿಯೂ ಏನಾದರೂ ಆದರೆ ಓಡಿಹೋಗಬಾರದು, ಬೀದಿಯಲ್ಲಿ ಕೈಗೆ ದುಡ್ಡು ಕೊಟ್ಟು ಮುಚ್ಚಿಹಾಕಲೂಬಾರದು. ಗಾಡಿ ನಿಲ್ಲಿಸಿ, ಯಾರಿಗಾದರೂ ಪೆಟ್ಟಾಗಿದೆಯೇ ನೋಡಿ, 108 ಅಥವಾ 112ಕ್ಕೆ ಫೋನ್ ಮಾಡಿ. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದೂ ಪೊಲೀಸರಿಗೆ ತಿಳಿಸುವುದೂ ಚಾಲಕರ ಕರ್ತವ್ಯವೆಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಫೋಟೊ ತೆಗೆದು, ಬಾಡಿಗೆಗೆ ಕೊಟ್ಟವರಿಗೆ ಕೂಡಲೇ ತಿಳಿಸಿ. ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ 1033 ಸಹಾಯವಾಣಿ ಇದೆ. ಈ ಮೂರು ನಂಬರುಗಳನ್ನು ಅತ್ತೆಯ ಫೋನಿನಲ್ಲೂ ಹಾಕಿಡಿ.

ಕೊನೆಯದಾಗಿ ಒಂದು ಮಾತು. ಕಾರು ಓಡಿಸಲು ಕಲಿತ ಎಷ್ಟೋ ಹೆಣ್ಣುಮಕ್ಕಳ ಡಿಎಲ್ ಬೀರುವಿನಲ್ಲೇ ಉಳಿದುಬಿಡುತ್ತದೆ. ಮನೆಯವರ ಒಂದು ಹೆದರಿಕೆ, ತಮ್ಮದೇ ಒಂದು ಹಿಂಜರಿಕೆ, ಹೀಗೆ ವರ್ಷಗಳು ಕಳೆದು ಕೈಗೆ ಬಂದದ್ದೂ ಮರೆತುಹೋಗುತ್ತದೆ. ನಿಮ್ಮ ಪತ್ರದಲ್ಲಿರುವ ಆಸೆ ಬರೀ ಪ್ರವಾಸದ್ದಲ್ಲ ಎಂದು ನನಗನ್ನಿಸಿತು. ನಿಮ್ಮವರನ್ನು ನಿಮ್ಮ ಕೈಯಾರೆ ಒಂದು ಕಡೆ ಕರೆದೊಯ್ದು ಸುರಕ್ಷಿತವಾಗಿ ಮರಳಿ ತರಬಲ್ಲೆ ಎಂಬ ಭರವಸೆ ನಿಮಗೆ ಬೇಕಾಗಿದೆ. ಅದಕ್ಕೆ ನೀವು ಅರ್ಹರು. ಈ ಪುಟವನ್ನು ಯಜಮಾನರಿಗೂ ಅತ್ತೆಗೂ ಓದಲು ಕೊಡಿ, ಮೂವರೂ ಕೂತು ದಿನಗಳನ್ನು ಹಂಚಿಕೊಳ್ಳಿ, ಈ ವಾರವೇ ಚಿತ್ರದುರ್ಗಕ್ಕೆ ಒಂದು ಸುತ್ತು ಹೋಗಿ ಬನ್ನಿ. ಆಮೇಲೆ ಕಪ್ಪು ಬೋರ್ಡಿನ ಕಾರನ್ನು ಎರಡು ದಿನಕ್ಕೆ ಬುಕ್ ಮಾಡಿ. ಡಿಸೆಂಬರ್ ಕೊನೆಯಲ್ಲಿ ಕರಾವಳಿಯಲ್ಲಿ ಜನ ಹೆಚ್ಚು, ಸಣ್ಣ ಕಾರುಗಳೇ ಮೊದಲು ಖಾಲಿಯಾಗುತ್ತವೆ, ತಡ ಮಾಡಬೇಡಿ.